ಸಾರಿನ ಪ್ಯಾಕೆಟ್ಟಿಗೆ ಸೋರದ ಸೀಲು

ಅವರೆಕಾಯಿ ಮೂಟೆಯಲ್ಲಿ ಹೋದರೆ ಒಂದು ರೇಟು. ಸುಲಿದ ಕಾಳಿಗೆ ಇನ್ನೊಂದು. ಹಿತಕಿದ ಬೇಳೆಗೆ ಮತ್ತೊಂದು. ಅದೇ ಬೇಳೆಯನ್ನು ಸಾರು ಮಾಡಿ, ತಣ್ಣಗಿಟ್ಟು, ಬಿಸಿ ಮಾಡಿ ಉಣ್ಣುವ ಹಾಗೆ ಪ್ಯಾಕೆಟ್‌ನಲ್ಲಿ ಕೊಟ್ಟರೆ ಅದರ ಲೆಕ್ಕವೇ ಬೇರೆ. ಈ ನಾಲ್ಕನೇ ಮೆಟ್ಟಿಲು ಹತ್ತಲು ಈಗ ಮಾಗಡಿ, ನೆಲಮಂಗಲ, ದೊಡ್ಡಬಳ್ಳಾಪುರ, ಕೋಲಾರ ಕಡೆಯ ಸಣ್ಣ ರೈತರಿಗೂ ಆಸೆ ಇದೆ. ಅಡುಗೆ ನಮ್ಮ ಮನೆಯವರಿಗೆ ಗೊತ್ತು. ಫ್ರಿಜ್ಜು, ಐಸ್ ಪೆಟ್ಟಿಗೆ ಸಿಗುತ್ತವೆ. ಆದರೂ ಹೆಚ್ಚಿನವರು ಎಡವುವುದು ಪ್ಯಾಕೆಟ್‌ನ ಬಾಯಿಯಲ್ಲಿ, ಬೆರಳಗಲದ ಸೀಲಿನಲ್ಲಿ. ಈ ಲೇಖನ ಅಷ್ಟಕ್ಕೇ ಸೀಮಿತ.

ಗಿರಾಕಿ ಎಲ್ಲಿದ್ದಾರೆ ಅನ್ನುವುದಕ್ಕೆ ಬಿನ್ನಿಪೇಟೆ ಒಳ್ಳೆಯ ಉದಾಹರಣೆ. 1884ರಲ್ಲಿ ಶುರುವಾಗಿ ಆಮೇಲೆ ಬಿನ್ನಿ ಕಂಪನಿಯ ಕೈಗೆ ಬಂದ ಬಟ್ಟೆ ಮಿಲ್ಲು ಇದ್ದ ಜಾಗ ಅದು. ಮಿಲ್ಲು ನಿಂತಿತು, ಆ ಜಮೀನಿನಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದವು. ಮಗ್ಗುಲಲ್ಲೇ ಮಾಗಡಿ ರಸ್ತೆ. ಮಾಗಡಿಯಿಂದ ಐವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಚಾಮರಾಜಪೇಟೆ, ಬಸವನಗುಡಿ ದೂರವಿಲ್ಲ. ಹಿತಕಬೇಳೆ ಸಾರಿನ ರುಚಿ ಗೊತ್ತಿದ್ದೂ ಕಾಳು ನೆನೆಸಿ ಹಿತಕಲು ಪುರುಸೊತ್ತಿಲ್ಲದ ಮನೆಗಳು ಇಲ್ಲಿ ಸಾಲುಸಾಲು. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದಲ್ಲಿ 2000ದಲ್ಲಿ ಶುರುವಾದ ಅವರೆಬೇಳೆ ಮೇಳಕ್ಕೆ ಬರುವ ಜನಸಂದಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ಬಗೆ, ಮೂರು ಸೀಲು

ಪ್ಯಾಕೆಟ್ ಅಡುಗೆ ಅಂದರೆ ಎಲ್ಲವೂ ಒಂದೇ ಅಲ್ಲ. ಮೊದಲು ಇದು ಮನಸ್ಸಿಗೆ ಬರಬೇಕು.

ಒಂದು, ಒಣ ಮಿಕ್ಸು. ಬೆಂಗಳೂರಿನ ಎಂಟಿಆರ್ ಎಪ್ಪತ್ತರ ದಶಕದಲ್ಲಿ ಈ ದಾರಿ ಹಿಡಿಯಿತು. ಒಣ ಪದಾರ್ಥದಲ್ಲಿ ಸೂಕ್ಷ್ಮಜೀವಿ ಬೆಳೆಯಲು ನೀರಿಲ್ಲ. ಇಲ್ಲಿ ಸೀಲಿನ ಕೆಲಸ ತೇವ ಮತ್ತು ಹುಳ ಒಳಗೆ ಬಾರದಂತೆ ತಡೆಯುವುದು.

ಎರಡು, ರಿಟಾರ್ಟ್ ಪೌಚು. ಅಡುಗೆಯನ್ನು ಪೌಚಿಗೆ ತುಂಬಿ, ಸೀಲು ಮಾಡಿ, ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಆಮೇಲೆ ಫ್ರಿಜ್ಜು ಬೇಡ, ತಿಂಗಳುಗಟ್ಟಲೆ ಇರುತ್ತದೆ. ಸೈನಿಕರ ಊಟಕ್ಕಾಗಿ ಇದನ್ನು ನಮ್ಮಲ್ಲಿ ಬೆಳೆಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಆ ಸಂಸ್ಥೆ 1961ರದು. ರಿಟಾರ್ಟಿಗೆ ಬಂಡವಾಳ ಬೇಕು, ತರಬೇತಾದ ಜನ ಬೇಕು.

ಮೂರನೆಯದು ತಣ್ಣಗಿಡುವ ಅಡುಗೆ. ಬೇಯಿಸಿ, ಬೇಗ ತಣಿಸಿ, 5 ಡಿಗ್ರಿಗಿಂತ ಕೆಳಗೆ ಇಟ್ಟು, ಕೆಲವೇ ದಿನದಲ್ಲಿ ಉಣ್ಣುವಂಥದು. ಸಣ್ಣ ಗುಂಪಿನ ಕೈಗೆಟಕುವುದು ಇದೇ. ಇಲ್ಲಿ ಸೀಲಿಗೆ ಮೂರು ಕೆಲಸ: ಸಾರು ಹೊರಗೆ ಬರಬಾರದು, ಐಸ್ ಪೆಟ್ಟಿಗೆಯ ನೀರು ಮತ್ತು ಕೈಯ ಕೊಳೆ ಒಳಗೆ ಹೋಗಬಾರದು, ಮನೆಯಲ್ಲಿ ಬಿಡಿಸುವಾಗ ಸುಲಭವಾಗಿ ಬಿಡಿಸಲು ಬರಬೇಕು.

ಸೀಲು ಅಂದರೆ ಏನು?

ಸೀಲು ಅಂಟು ಹಾಕಿದ್ದಲ್ಲ. ಅದು ಬೆಸುಗೆ. ಎರಡು ಪ್ಲಾಸ್ಟಿಕ್ ಮುಖಗಳು ಕರಗಿ, ಒಂದರೊಳಗೊಂದು ಸೇರಿ, ತಣಿದು ಒಂದೇ ಆಗಬೇಕು. ಇದಕ್ಕೆ ಬೇಕಾದ್ದು ಮೂರು: ಶಾಖ, ಒತ್ತಡ, ಹೊತ್ತು. ನಾಲ್ಕನೆಯದು ಎಲ್ಲರೂ ಮರೆಯುವಂಥದು: ಒತ್ತಿಕೊಂಡೇ ತಣಿಯಲು ಬಿಡುವುದು.

ಪೇಟೆಯ ಕವರು ಒಂದೇ ಪದರ ಅನ್ನಿಸಿದರೂ ಒಳ್ಳೆಯದರಲ್ಲಿ ಎರಡು ಮೂರು ಪದರ ಇರುತ್ತವೆ. ಹೊರಗಿನದು ಪಾಲಿಯೆಸ್ಟರ್ ಇಲ್ಲವೆ ನೈಲಾನ್. ಇವು 220 ಡಿಗ್ರಿ ದಾಟಿದ ಮೇಲೆ ಕರಗುವಂಥವು. ಒಳಗಿನದು ಪಾಲಿಥೀನ್, ಇದು 105ರಿಂದ 125 ಡಿಗ್ರಿಯೊಳಗೆ ಕರಗುತ್ತದೆ. ಈ ಅಂತರದಿಂದಲೇ ಕೆಲಸ ನಡೆಯುವುದು. ಹೊರ ಪದರ ಗಟ್ಟಿ ನಿಂತಿರುವಾಗ ಒಳ ಪದರ ಕರಗಿ ಕೂಡಿಕೊಳ್ಳುತ್ತದೆ. ಬರೀ ಪಾಲಿಥೀನ್ ಕವರಿಗೆ ಈ ರಕ್ಷಣೆ ಇಲ್ಲ. ಶಾಖ ಸ್ವಲ್ಪ ಹೆಚ್ಚಾದರೆ ಪೂರಾ ಕರಗಿ ತೆಳ್ಳಗಾಗುತ್ತದೆ, ಸೀಲಿನ ಅಂಚಿನಲ್ಲೇ ಹರಿಯುತ್ತದೆ.

ಇನ್ನೊಂದು ನಿಯಮ: ಜಾತಿಗೆ ಜಾತಿಯೇ ಕೂಡುವುದು. ಪಾಲಿಥೀನ್‌ಗೆ ಪಾಲಿಥೀನ್, ಪಾಲಿಪ್ರೊಪಿಲೀನ್‌ಗೆ ಪಾಲಿಪ್ರೊಪಿಲೀನ್. ಬಿಸಿ ಮಾಡುವ ಕಪ್ಪು ಟ್ರೇಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನವು, ಇದು 160 ಡಿಗ್ರಿ ಆಸುಪಾಸು ಕರಗುತ್ತದೆ. ಅದರ ಮೇಲೆ ಪಾಲಿಥೀನ್ ಒಳಮುಖದ ಹಾಳೆ ಹಾಕಿ ಒತ್ತಿದರೆ ಅಂಟಿದ ಹಾಗೆ ಕಾಣುತ್ತದೆ, ಫ್ರಿಜ್ಜಿನಲ್ಲಿ ಬೆಳಗಾಗುವುದರೊಳಗೆ ಎದ್ದಿರುತ್ತದೆ. ಆದ್ದರಿಂದ ಟ್ರೇ ಒಂದು ಅಂಗಡಿಯಲ್ಲಿ, ಹಾಳೆ ಇನ್ನೊಂದು ಅಂಗಡಿಯಲ್ಲಿ ಕಣ್ಣಳತೆಯಿಂದ ಕೊಳ್ಳಬೇಡಿ. "ಒಳಗಿನ ಪದರ ಯಾವುದು?" ಎಂದು ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯಿಂದ ಹತ್ತು ಸ್ಯಾಂಪಲ್ ಮಾತ್ರ ತನ್ನಿ. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕೇ ಆಗಬೇಕು. 2018ರ ಆಹಾರ ಪ್ಯಾಕೇಜಿಂಗ್ ನಿಯಮ ಇದನ್ನು ಕಡ್ಡಾಯ ಮಾಡಿದೆ.

ಸೀಲಿನ ಐದು ಶತ್ರುಗಳು

1. ಬಾಯಿಗೆ ಮೆತ್ತಿದ ಸಾರು. ಎಲ್ಲಕ್ಕಿಂತ ದೊಡ್ಡ ಶತ್ರು ಇದು. ಸೀಲಿನ ಜಾಗದಲ್ಲಿ ಒಂದು ಹನಿ ನೀರಿದ್ದರೆ ಕೊಟ್ಟ ಶಾಖವನ್ನೆಲ್ಲ ಅದು ನುಂಗುತ್ತದೆ, ಆಮೇಲೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಎಣ್ಣೆ ಆವಿಯೂ ಆಗುವುದಿಲ್ಲ, ಎರಡು ಮುಖದ ನಡುವೆ ಹಾಗೇ ಕೂತಿರುತ್ತದೆ. ಒಂದು ಸಾಸಿವೆ ಕಾಳು, ಒಂದು ಕರಿಬೇವಿನ ಚೂರು ಸಾಕು, ಅದರ ಪಕ್ಕದಲ್ಲೇ ಕೂದಲೆಳೆಯ ಕಾಲುವೆ ಉಳಿಯುತ್ತದೆ. ಕಣ್ಣಿಗೆ ಕಾಣದು. ಸೂಕ್ಷ್ಮಜೀವಿಗೆ ಅದು ಹೆದ್ದಾರಿ.

2. ಹಬೆ. ಬಿಸಿ ಸಾರು ತುಂಬಿದರೆ ಹಬೆ ಎದ್ದು ಕವರಿನ ಒಳಬಾಯಿಗೆ ಕೂತು ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಇನ್ನೂ ಒಂದಿದೆ. ಬಿಸಿಯಲ್ಲಿ ಸೀಲು ಮಾಡಿದ ಪ್ಯಾಕೆಟ್ ತಣಿಯುವಾಗ ಒಳಗೆ ಗಾಳಿ ಕುಗ್ಗಿ ಎಳೆತ ಹುಟ್ಟುತ್ತದೆ. ಸೀಲಿನಲ್ಲಿ ಸಣ್ಣ ತೂತಿದ್ದರೆ ತಣಿಸುವ ತೊಟ್ಟಿಯ ನೀರನ್ನೇ ಅದು ಒಳಗೆ ಹೀರುತ್ತದೆ.

3. ಸುಕ್ಕು. ಸೀಲಿನ ಗೆರೆಯಲ್ಲಿ ಮಡಿಕೆ ಬಿದ್ದರೆ ಅಲ್ಲಿ ಎರಡರ ಬದಲು ನಾಲ್ಕು ಪದರ. ಶಾಖ ನಡುವಿಗೆ ಮುಟ್ಟುವುದಿಲ್ಲ. ಸುಕ್ಕಿನ ಪಕ್ಕದಲ್ಲೇ ಸೋರುತ್ತದೆ.

4. ಕರೆಂಟು. ಮೇಜಿನ ಮೇಲಿನ ಇಂಪಲ್ಸ್ ಸೀಲರಿನಲ್ಲಿ ಇರುವುದು ಒಂದು ನೈಕ್ರೋಮ್ ತಂತಿ, ಒಂದು ಟೈಮರು. ಎಷ್ಟು ಹೊತ್ತು ಕಾಯಿಸಬೇಕು ಅನ್ನುವುದಷ್ಟೇ ಅದಕ್ಕೆ ಗೊತ್ತು, ಎಷ್ಟು ಕಾದಿದೆ ಅನ್ನುವುದು ಗೊತ್ತಿಲ್ಲ. ತಂತಿಯ ಶಾಖ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಏರಿಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 200 ಬಂದರೆ ಶಾಖ ಸುಮಾರು ಕಾಲು ಭಾಗ ಕಮ್ಮಿ. 180ಕ್ಕೆ ಇಳಿದರೆ ನೂರಕ್ಕೆ 39ರಷ್ಟು ಕಮ್ಮಿ. ಟೈಮರು ಮಾತ್ರ ಅದೇ ಗುರುತಿನಲ್ಲಿ. ಬೆಳಗಿನ ಪ್ಯಾಕೆಟ್ ಗಟ್ಟಿ, ಸಂಜೆಯದು ಸೋರುವುದು ಯಾಕೆ ಅನ್ನುವುದಕ್ಕೆ ಎಷ್ಟೋ ಕಡೆ ಇದೇ ಉತ್ತರ.

5. ಅವಸರ. ದೀಪ ಆರಿದ ಕೂಡಲೇ ಹಿಡಿ ಎತ್ತುತ್ತೇವೆ. ಆಗ ಪ್ಲಾಸ್ಟಿಕ್ ಇನ್ನೂ ಜೇನಿನ ಹಾಗೆ ಮೆತ್ತಗೆ. ಸಾರಿನ ಭಾರಕ್ಕೆ ಎಳೆದು ತೆಳ್ಳಗಾಗುತ್ತದೆ. ದೀಪ ಆರಿದ ಮೇಲೆ ಒಂದೆರಡು ಸೆಕೆಂಡು ಒತ್ತಿಕೊಂಡೇ ಇರಬೇಕು.

ಸುಧಾರಿಸುವುದು ಹೇಗೆ?

ಹೊಸ ಮೆಷಿನ್ನು ಕೊಳ್ಳುವ ಮೊದಲು ಇವನ್ನು ಮಾಡಿ ನೋಡಿ. ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ.

ಬಾಯಿ ಮಡಚಿ ತುಂಬಿ. ಅಂಗಿ ತೋಳು ಮಡಚಿದ ಹಾಗೆ ಕವರಿನ ಬಾಯನ್ನು ಎರಡು ಇಂಚು ಹೊರಕ್ಕೆ ಮಡಚಿ. ತುಂಬಿದ ಮೇಲೆ ಮಡಿಕೆ ಬಿಚ್ಚಿ. ಸೀಲು ಬೀಳುವ ಜಾಗಕ್ಕೆ ಸಾರು ಸೋಕಿರುವುದೇ ಇಲ್ಲ. ಟ್ರೇ ಆದರೆ ಅಂಚಿನ ಮೇಲೆ ಕೂರುವಂಥ ಸ್ಟೀಲ್ ಚೌಕಟ್ಟು ಮಾಡಿಸಿ, ತುಂಬಿ, ಚೌಕಟ್ಟು ತೆಗೆದು ಸೀಲು ಮಾಡಿ.

ಅಗಲ ಬಾಯಿಯ ಆಲಿಕೆ ಬಳಸಿ. ಆಲಿಕೆಯ ಕೊಳವೆ ಸೀಲಿನ ಗೆರೆ ದಾಟಿ ಒಳಗಿಳಿಯಲಿ. ಎತ್ತುವ ಮುನ್ನ ಒಂದು ಕ್ಷಣ ತಡೆಯಿರಿ, ತೊಟ್ಟಿಕ್ಕುವುದು ನಿಲ್ಲಲಿ. ಮೊದಲು ಬೇಳೆ ಹಾಕಿ, ಆಮೇಲೆ ಸಾರು ಬಿಡಿ. ಒಗ್ಗರಣೆ ಎಣ್ಣೆ ತೇಲುತ್ತಾ ಇದ್ದರೆ ಕೊನೆಯ ಸೌಟಿಗೆ ಬರೀ ಎಣ್ಣೆಯೇ ಬರುತ್ತದೆ, ಬಾಯಿಗೂ ಅದೇ ಮೆತ್ತುತ್ತದೆ. ತುಂಬುವಾಗ ಒಬ್ಬರು ಕೈಯಾಡಿಸುತ್ತಾ ಇರಲಿ.

ಮೇಲೆ ಜಾಗ ಬಿಡಿ. ಸಾರಿನ ಮಟ್ಟದಿಂದ ಸೀಲಿನ ತನಕ ಎರಡು ಇಂಚಾದರೂ ಇರಲಿ. ಕವರಿನಲ್ಲಿ ನಾಲ್ಕು ಕಾಸು ಉಳಿಸಲು ಚಿಕ್ಕದು ಕೊಂಡರೆ ಸಾರು ಸೀಲಿಗೇ ಬಂದು ಕೂರುತ್ತದೆ.

ತಣಿಸಿ ತುಂಬಿ. ಹತ್ತು ಲೀಟರ್ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ನೂಕಿದರೆ ನಡುವಿನ ಸಾರು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲ ತಟ್ಟೆಗಳಲ್ಲಿ ಎರಡು ಇಂಚು ಆಳಕ್ಕೆ ಹರವಿ, ತಟ್ಟೆಯ ಕೆಳಗೆ ಐಸ್ ನೀರು ಇಟ್ಟು ಕೈಯಾಡಿಸಿ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಥರ್ಮಾಮೀಟರ್ ಇಟ್ಟು ನೋಡಿ, ಕೈಮುಟ್ಟಿ ಅಂದಾಜು ಬೇಡ. ತಣಿದ ಸಾರಿನಲ್ಲಿ ಹಬೆ ಇಲ್ಲ, ಸೀಲು ಸಲೀಸು. ಆದರೆ ತಣಿದ ಮೇಲೆ ಕೊಲ್ಲುವ ಶಾಖವೂ ಇಲ್ಲ. ಆದ್ದರಿಂದ ಸೌಟು, ಆಲಿಕೆ, ಕೈಗವಸು ಎಲ್ಲ ತೊಳೆದು ಕುದಿನೀರು ಕಂಡವೇ ಆಗಿರಬೇಕು.

ಎರಡು ಸೀಲು ಹಾಕಿ. ಮೊದಲ ಗೆರೆಯಿಂದ ಅರ್ಧ ಇಂಚು ಮೇಲೆ ಇನ್ನೊಂದು. ಒಂದರಲ್ಲಿ ಕಾಲುವೆ ಉಳಿದರೆ ಇನ್ನೊಂದು ತಡೆಯುತ್ತದೆ. ಎರಡರಲ್ಲೂ ಒಂದೇ ನೇರಕ್ಕೆ ಕಾಲುವೆ ಬೀಳುವುದು ಅಪರೂಪ. ಆದರೆ ಮಸಾಲೆ ಮೆತ್ತಿದ ಬಾಯಿಗೆ ಎರಡಲ್ಲ, ಮೂರು ಸೀಲು ಹಾಕಿದರೂ ಅಷ್ಟೇ.

ಸ್ಟೆಬಿಲೈಸರ್ ಇಡಿ. ಸೀಲರಿನ ಬೆಲೆಯ ಜೊತೆಯಲ್ಲೇ ಇದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ತಂತಿಯ ಮೇಲಿನ ಟೆಫ್ಲಾನ್ ಬಟ್ಟೆ ಸುಟ್ಟು ಕಂದಾದರೆ ಬದಲಿಸಿ. ಅದು ಬಿರಿದ ಕಡೆ ಸೀಲೂ ಬಿರಿಯುತ್ತದೆ. ಮೇಲಿನ ರಬ್ಬರ್ ಪಟ್ಟಿಯಲ್ಲಿ ತಗ್ಗು ಬಿದ್ದಿದ್ದರೆ ಆ ಜಾಗದಲ್ಲಿ ಒತ್ತಡವೇ ಇಲ್ಲ. ಪ್ರತಿ ಪ್ಯಾಕೆಟ್ಟೂ ಒಂದೇ ಜಾಗದಲ್ಲಿ ಸೋರುತ್ತಿದ್ದರೆ ಮೊದಲು ರಬ್ಬರ್ ನೋಡಿ.

ಗುರುತು ಕಂಡುಕೊಳ್ಳುವ ಕ್ರಮ

ಟೈಮರು ಎಷ್ಟಕ್ಕೆ ಇಡಬೇಕು? ಅಂಗಡಿಯವರು ಹೇಳಿದ್ದು ಅವರ ಕವರಿಗೆ, ಅವರ ಕರೆಂಟಿಗೆ. ನೀವೇ ಏಣಿ ಹತ್ತಿ ನೋಡಬೇಕು. ಕೆಳಗಿನ ಗುರುತಿನಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಏರಿಸುತ್ತಾ ಪ್ರತಿ ಗುರುತಿನಲ್ಲೂ ಐದು ಖಾಲಿ ಕವರು ಸೀಲು ಮಾಡಿ. ತಣಿದ ಮೇಲೆ ಅಡ್ಡಕ್ಕೆ 15 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ ಎರಡು ತುದಿ ಹಿಡಿದು ಎಳೆಯಿರಿ.

ಗುರುತೇ ಇಲ್ಲದೆ ಸಲೀಸಾಗಿ ಬಿಟ್ಟುಕೊಂಡರೆ ಶಾಖ ಸಾಲದು. ಸೀಲು ಹಾಗೇ ಇದ್ದು ಪಕ್ಕದ ಕವರು ಹಿಗ್ಗಿದರೆ, ಇಲ್ಲವೆ ಸೀಲು ಬಿಟ್ಟರೂ ಬಿಳಿಯ ಒರಟು ಗುರುತು ಉಳಿದರೆ ಸರಿ. ಸೀಲು ಮುದುಡಿ, ತೆಳ್ಳಗಾಗಿ, ಅಂಚಿನಲ್ಲಿ ಪಟ್ಟನೆ ಹರಿದರೆ ಶಾಖ ಹೆಚ್ಚು. ಸರಿ ಬಂದ ಗುರುತುಗಳು ಮೂರೋ ನಾಲ್ಕೋ ಇರುತ್ತವೆ. ಅದರ ನಡುವಿನದನ್ನು ಆರಿಸಿ. ಅಂಚಿನದನ್ನು ಆರಿಸಿದರೆ ಕರೆಂಟು ಸ್ವಲ್ಪ ಅಲುಗಿದರೂ ಕೆಡುತ್ತದೆ. ಕವರಿನ ಹೊಸ ಬಂಡಲ್ ಬಂದಾಗಲೆಲ್ಲ ಈ ಏಣಿ ಮತ್ತೆ ಹತ್ತಬೇಕು.

ಇದೇ ಪಟ್ಟಿಗೆ ಕ್ಲಿಪ್ ಹಾಕಿ ನೀರಿನ ಬಾಟಲಿ ನೇತುಹಾಕಿದರೆ ಎಷ್ಟು ಭಾರ ಹೊರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ರಿಟಾರ್ಟ್ ಪೌಚಿಗೆ ಜಪಾನಿನ ನಿಯಮ ಕೇಳುವುದು 15 ಮಿಲಿಮೀಟರ್ ಪಟ್ಟಿಗೆ 23 ನ್ಯೂಟನ್, ಅಂದರೆ ಸುಮಾರು 2.3 ಕಿಲೋ. ನಮ್ಮ ತಣ್ಣನೆ ಸಾರಿಗೆ ಅಷ್ಟು ಬೇಕಿಲ್ಲ. ನಿಮ್ಮ ಒಳ್ಳೆಯ ಸೀಲು ಎಷ್ಟು ಹೊತ್ತಿತು ಅನ್ನುವುದನ್ನು ಬರೆದಿಟ್ಟು, ವಾರಕ್ಕೊಮ್ಮೆ ಅದಕ್ಕೇ ಹೋಲಿಸಿ.

ದಿನದ ಪರೀಕ್ಷೆ

ಗಟ್ಟಿ ಸೀಲು ಬೇರೆ, ಸೋರದ ಸೀಲು ಬೇರೆ. ಎಳೆದರೆ ಬಿಡದ ಸೀಲಿನಲ್ಲೂ ಕಾಲುವೆ ಇರಬಹುದು. ಆದ್ದರಿಂದ ಇನ್ನೆರಡು ಪರೀಕ್ಷೆ.

ನೀರಿನ ಪರೀಕ್ಷೆ: ಕವರಿನೊಳಗೆ ಸ್ವಲ್ಪ ಗಾಳಿ ಬಿಟ್ಟು ಸೀಲು ಮಾಡಿ, ನೀರಿನಲ್ಲಿ ಮುಳುಗಿಸಿ ಅಂಗೈಯಿಂದ ಒತ್ತಿ. ಸೈಕಲ್ ಟ್ಯೂಬು ನೋಡುವ ಹಾಗೆ. ಗುಳ್ಳೆ ಬಂದ ಕಡೆ ತೂತು.

ಬಣ್ಣದ ಪರೀಕ್ಷೆ: ಕೆಳಗಿನಿಂದ ಕವರು ಕತ್ತರಿಸಿ ಖಾಲಿ ಮಾಡಿ, ತೊಳೆದು ಒಣಗಿಸಿ. ನೀರಿಗೆ ಗಾಢ ಬಣ್ಣ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ. ಸೀಲು ಕೆಳಗಾಗುವಂತೆ ಹಿಡಿದು ಒಳಗಿನಿಂದ ಆ ಬಣ್ಣ ಬಿಡಿ. ಐದು ನಿಮಿಷ ಬಿಳಿ ಕಾಗದದ ಮೇಲೆ ಇಡಿ. ಕಾಲುವೆ ಇದ್ದರೆ ಬಣ್ಣ ಎಳೆಯಾಗಿ ಹೊರಗೆ ಬರುತ್ತದೆ. ಸೋಪು ಯಾಕೆಂದರೆ ಬರೀ ನೀರು ಸಣ್ಣ ಕಾಲುವೆಗೆ ನುಗ್ಗುವುದಿಲ್ಲ. ಬೆಳಗ್ಗೆ ಶುರುವಿಗೆ ಒಂದು, ನಡುವೆ ಒಂದು, ಕೊನೆಗೆ ಒಂದು ಪ್ಯಾಕೆಟ್ ಹೀಗೆ ಬಲಿಕೊಟ್ಟರೆ ಸಾಕು. ಪರೀಕ್ಷೆ ಮಾಡಿದ್ದನ್ನು ಮಾರುವ ಹಾಗಿಲ್ಲ.

ಎಲ್ಲವನ್ನೂ ಬಿಗಿಯಬೇಡಿ

ಹಸಿ ಹಿತಕಬೇಳೆಗೆ ಜೀವ ಇದೆ, ಉಸಿರಾಡುತ್ತದೆ. ಗಾಳಿಯಾಡದಂತೆ ಬಿಗಿದರೆ ಆಮ್ಲಜನಕ ಮುಗಿದು ಹುಳಿ ವಾಸನೆ ಬರುತ್ತದೆ. ಅದಕ್ಕೆ ಸಣ್ಣ ತೂತಿನ ಕವರು, ತಣ್ಣನೆ ಜಾಗ, ಬೇಗ ಮಾರಾಟ. ದೋಸೆ ಹಿಟ್ಟಿನದು ಇನ್ನೊಂದು ಬಗೆ. ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ ಪ್ಯಾಕೆಟ್ ಉಬ್ಬುತ್ತದೆ. ಸೀಲು ಎಷ್ಟು ಗಟ್ಟಿಯೋ ಅಷ್ಟು ಜೋರಾಗಿ ಒಡೆಯುತ್ತದೆ. ಅನಿಲ ಹೊರಬಿಡುವ ದಾರಿ ಮತ್ತು ಚಳಿ, ಇವೆರಡೇ ಅದಕ್ಕೆ ಮದ್ದು. ಆದರೆ ಬೇಯಿಸಿದ ಸಾರಿನ ಪ್ಯಾಕೆಟ್ ಉಬ್ಬಿದರೆ ಅದು ಕೆಟ್ಟಿದೆ ಎಂದೇ ಅರ್ಥ. ರುಚಿ ನೋಡಲೂ ಹೋಗಬೇಡಿ, ಎಸೆಯಿರಿ.

ಒಳ್ಳೆಯ ಸೀಲಿನ ಅಪಾಯ

ಇದನ್ನು ಎರಡು ಸಲ ಓದಿ. ಸೀಲು ಆಹಾರವನ್ನು ಕಾಪಾಡುವುದಿಲ್ಲ. ಅದು ಹೊರಗಿನದನ್ನು ತಡೆಯುತ್ತದೆ, ಅಷ್ಟೇ. ಒಳಗೆ ಉಳಿದದ್ದನ್ನು ತಡೆಯುವುದು ಚಳಿ ಮಾತ್ರ.

ಸೀಲು ಚೆನ್ನಾದಷ್ಟೂ ಒಳಗೆ ಗಾಳಿ ಕಡಿಮೆ. ವ್ಯಾಕ್ಯೂಮ್ ಮೆಷಿನ್ನಿನಲ್ಲಂತೂ ಗಾಳಿಯೇ ಇಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಜೀವಿ ಮಣ್ಣಿನಲ್ಲೇ ಇರುವಂಥದು. ಅದರ ಬೀಜಕಗಳು ಸಾಮಾನ್ಯ ಅಡುಗೆಯ ಕುದಿತಕ್ಕೆ ಪೂರಾ ಸಾಯುವುದಿಲ್ಲ. ಅದರ ವಿಷ ಕೊಲ್ಲುವಂಥದು. ಎಲ್ಲ ಸಲವೂ ವಾಸನೆ, ಬಣ್ಣ ಕೆಟ್ಟು ಸೂಚನೆ ಕೊಡುವುದಿಲ್ಲ. ಅದರ ಕೆಲವು ಬಗೆಗಳು 3 ಡಿಗ್ರಿ ಚಳಿಯಲ್ಲೂ ನಿಧಾನಕ್ಕೆ ಬೆಳೆಯುತ್ತವೆ. ಅದಕ್ಕೇ ಬ್ರಿಟನ್ನಿನಲ್ಲಿ ಗಾಳಿ ತೆಗೆದ ತಣ್ಣನೆ ಆಹಾರಕ್ಕೆ, ಬೇರೆ ರಕ್ಷಣೆ ಇಲ್ಲದಿದ್ದರೆ, ಹತ್ತು ದಿನದ ಮಿತಿ ಸೂಚಿಸಿದ್ದಾರೆ. ಅದೂ ಚಳಿಯ ಸರಪಳಿ ಎಲ್ಲೂ ಕಡಿಯದ ವ್ಯವಸ್ಥೆಯಲ್ಲಿ.

ನಮ್ಮಲ್ಲಿ ಕರೆಂಟು ಹೋಗುತ್ತದೆ, ರಾತ್ರಿ ಫ್ರಿಜ್ಜು ಆರಿಸುವ ಅಂಗಡಿಗಳೂ ಇವೆ. ಸಣ್ಣ ಅಡುಗೆಮನೆಯವರು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಎರಡು ಮೂರು ದಿನಕ್ಕಿಂತ ಹೆಚ್ಚಿನ ಅವಧಿ ಬರೆಯಬಾರದು. ವ್ಯಾಕ್ಯೂಮ್ ಹಾಕಿದ್ದೇವೆ, ತಿಂಗಳು ಇರುತ್ತದೆ ಎಂದು ಹೇಳಿ ಮೆಷಿನ್ನು ಮಾರುವವರ ಮಾತು ನಂಬಬೇಡಿ. ಅವಧಿ ಹೆಚ್ಚಿಸಬೇಕಿದ್ದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಂಥ ಕಡೆ ಕೇಳಿ. ಮಾರಾಟಕ್ಕೆ ಇಳಿಯುವ ಮುನ್ನ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬೇಕೇ ಬೇಕು.

ದಾರಿಯಲ್ಲಿ

ಪ್ಯಾಕೆಟ್ ಸೋರುವುದು ಹೆಚ್ಚಾಗಿ ಗಾಡಿಯ ಕುಲುಕಾಟದಲ್ಲಿ. ಸೀಲು ಮೇಲಾಗುವಂತೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಐಸನ್ನು ಬಿಡಿಯಾಗಿ ಸುರಿಯಬೇಡಿ, ಕರಗಿದ ನೀರಿನಲ್ಲಿ ಪ್ಯಾಕೆಟ್ ಮುಳುಗುತ್ತದೆ. ಐಸನ್ನೂ ಬಾಟಲಿ ಇಲ್ಲವೆ ಗಟ್ಟಿ ಕವರಿನಲ್ಲಿ ಕಟ್ಟಿಡಿ. ತಾರೀಕನ್ನು ಸೀಲಿನ ಮೇಲೆ ಒತ್ತಿ ಬರೆಯಬೇಡಿ, ಅದರಿಂದ ಮೇಲಿನ ಅಂಚಿಗೆ ಬರೆಯಿರಿ. ಅಂಗಡಿಗೆ ಇಳಿಸುವಾಗ ಒಂದು ಪ್ಯಾಕೆಟ್‌ನ ಮೈಗೆ ಥರ್ಮಾಮೀಟರ್ ಹಿಡಿದು ಅಂಗಡಿಯವರ ಎದುರೇ ಬರೆದಿಡಿ. ಆಮೇಲೆ ತಕರಾರು ಬಂದರೆ ಎರಡೂ ಕಡೆಗೆ ಆಧಾರ.

ಲೆಕ್ಕ ಹೀಗಿದೆ

ಉದಾಹರಣೆಗೆ ಒಂದು ಪ್ಯಾಕೆಟ್‌ಗೆ ಖರ್ಚು 50 ರೂಪಾಯಿ, ಉಳಿಯುವುದು 10 ಎಂದುಕೊಳ್ಳಿ. ನೂರು ಪ್ಯಾಕೆಟ್ ಸರಿಯಾಗಿ ಹೋದರೆ 1000 ಉಳಿಯಿತು. ಅದರಲ್ಲಿ 4 ಸೋರಿದರೆ 96ರಿಂದ 960 ಬಂತು, ನಾಲ್ಕರ ಖರ್ಚು 200 ಹೋಯಿತು. ಕೈಯಲ್ಲಿ 760. ನೂರಕ್ಕೆ ನಾಲ್ಕು ಸೋರಿದ್ದಕ್ಕೆ ಲಾಭದ ಕಾಲು ಭಾಗವೇ ಮಾಯ. ಸೋರಿದ ಸಾರು ಪಕ್ಕದ ಪ್ಯಾಕೆಟ್ ಕೊಳಕು ಮಾಡಿದ್ದು, ಅಂಗಡಿಯವರು ಮುಂದಿನ ವಾರ ಬೇಡ ಅಂದದ್ದು ಇದರಲ್ಲಿ ಸೇರಿಲ್ಲ.

ಆದ್ದರಿಂದ ಸೀಲರಿನ ಪಕ್ಕದಲ್ಲಿ ಒಂದು ನೋಟ್ ಬುಕ್ ನೇತುಹಾಕಿ. ತಾರೀಕು, ವೋಲ್ಟೇಜು, ಟೈಮರಿನ ಗುರುತು, ಕವರಿನ ಬಂಡಲ್, ಬಣ್ಣದ ಪರೀಕ್ಷೆಯ ಫಲ, ವಾಪಸು ಬಂದ ಪ್ಯಾಕೆಟ್ ಎಷ್ಟು, ಎಲ್ಲಿ ಸೋರಿತ್ತು, ಇಷ್ಟು ಬರೆದರೆ ಸಾಕು. ಒಂದು ಅವರೆ ಹಂಗಾಮು ಮುಗಿಯುವುದರೊಳಗೆ ನಿಮ್ಮ ಮೆಷಿನ್ನಿನ ಗುಣ, ನಿಮ್ಮೂರಿನ ಕರೆಂಟಿನ ಗುಣ ಎರಡೂ ಆ ಪುಸ್ತಕದಲ್ಲಿ ಇರುತ್ತವೆ. ದೊಡ್ಡ ಮೆಷಿನ್ನು ಬೇಕೋ ಬೇಡವೋ ಎಂದು ಆಗ ತೀರ್ಮಾನಿಸಿ.